ಬಿಚ್ಚದ ಆರು ಸಾಲು

"ತುಂಬಾ ಚೆನ್ನಾಗಿವೆ" ಎಂದಳು ಅಂಗಡಿಯ ಯಜಮಾನಿ. "ಅದೇ ತೊಂದರೆ."

ಗಾಜಿನ ಮೇಜಿನ ಮೇಲೆ ಐದು ಉಣ್ಣೆಯ ಶಾಲುಗಳು ಒಂದರ ಮೇಲೊಂದು ಕೂತಿದ್ದವು. ಎರಡು ತಿಂಗಳ ಹಿಂದೆ ಯಾವ ಮಡಿಕೆಯಲ್ಲಿ ಬಂದಿದ್ದವೋ ಅದೇ ಮಡಿಕೆಯಲ್ಲಿ ಈಗ ವಾಪಸು ಹೋಗಲು ಕಾಯುತ್ತಿದ್ದವು. ಮೇಜಿನ ಈಚೆ ನಿಂತಿದ್ದವಳಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಬೀದಿಯವರೆಲ್ಲ ಅವಳನ್ನು ಮಗ್ಗದಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಹದಿನೆಂಟು ವರ್ಷದಿಂದ ಶಾಲು ನೇಯುತ್ತಿದ್ದ ಹೆಂಗಸಿಗೆ ಬೇರೆ ಹೆಸರು ಯಾಕೆ ಬೇಕು ಎಂದು ಅವರಿಗೆ ಅನ್ನಿಸಿರಬೇಕು. ಅವಳ ಮಾತು ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಮೊದಲು ತನ್ನ ಅಂಗೈ ನೋಡಿಕೊಳ್ಳುವಳು, ಉತ್ತರವನ್ನು ಅಲ್ಲಿ ಬರೆದಿಟ್ಟುಕೊಂಡವಳ ಹಾಗೆ.

"ಏನು ತೊಂದರೆ ಮೇಡಂ?"

"ಅಂಚು ನೋಡಮ್ಮ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ಒಂದು ಗಂಟಿಲ್ಲ, ಒಂದು ದಪ್ಪ ಎಳೆ ಇಲ್ಲ. ಗಿರಾಕಿಗಳು ಕೈಗೆ ತಗೊಳ್ತಾರೆ, ತಿರುಗಿಸಿ ಮುರುಗಿಸಿ ನೋಡ್ತಾರೆ, ಇದು ಮಷಿನ್ನಿಂದು ಅಂತ ಕೆಳಗಿಡ್ತಾರೆ. ಮೊನ್ನೆ ಒಬ್ಬರು ನನ್ನ ಮುಖಕ್ಕೇ ಅಂದ್ರು, ಕೈಮಗ್ಗ ಅಂತ ಚೀಟಿ ಹೊಲಿದು ಮೋಸ ಮಾಡ್ತೀರಾ ಅಂತ."

"ನಾನು ಕೈಯಲ್ಲೇ ನೇಯ್ದಿದ್ದು."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಹೇಳೋಕೆ ಶಾಲಿಗೆ ಬಾಯಿದೆಯಾ?"

ಯಜಮಾನಿ ಮೇಜಿನ ಕೆಳಗಿನಿಂದ ಇನ್ನೊಂದು ಶಾಲು ತೆಗೆದು ಐದರ ಮೇಲೆ ಹರವಿದಳು. ಬೂದು ಬಣ್ಣದ್ದು. ಅಂಚು ಒಳಗೆ ಹೊರಗೆ ಓಲಾಡಿಕೊಂಡು ಸಾಗಿತ್ತು. ಮೈಮೇಲೆ ಮೊಡವೆಯ ಹಾಗೆ ಗಂಟುಗಳು. ಮಗ್ಗದಕ್ಕ ಅದರ ಮೇಲೆ ಬೆರಳಾಡಿಸಿದಳು. ಒಂದು ಗಂಟು. ಅದರಿಂದ ಒಂದು ಗೇಣು ದೂರಕ್ಕೆ ಇನ್ನೊಂದು. ಅದರಿಂದ ಸರಿಯಾಗಿ ಇನ್ನೊಂದು ಗೇಣಿಗೆ ಮತ್ತೊಂದು. ಯಾರೋ ಅಳತೆ ಹಿಡಿದು ನೆಟ್ಟ ಗಂಟುಗಳು.

"ಇದು ಹೇಗೆ ಹೋಗ್ತಿದೆ ಗೊತ್ತಾ? ಕೈಯ ಗುರುತು ಅಂತಾರೆ ಇದಕ್ಕೆ. ಒಂದು ಶಾಲಿಗೆ ಮೂರು ತಪ್ಪು. ಜಾಸ್ತಿ ಬೇಡ, ಹರಿದಿದೆ ಅಂದ್ಕೊಳ್ತಾರೆ. ಮೂರು ಸಾಕು."

"ಬೇಕು ಅಂತ ತಪ್ಪು ಹಾಕೋದಾ?"

"ತಪ್ಪು ಅಂತ ಯಾಕೆ ಅಂತೀಯ? ಅಲಂಕಾರ ಅಂದ್ಕೋ. ನೋಡು, ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ದೊಡ್ಡ ಗಿರಾಕಿ ಬರ್ತಿದ್ದಾರೆ. ಬೇರೆ ಬೇರೆ ಊರಲ್ಲಿ ಅಂಗಡಿ ಇದೆ ಅವರದ್ದು. ಮಾದರಿಗೆ ಒಂದು ಶಾಲು ತಗೊಂಡು ಬಾ, ಮೂರು ತಪ್ಪು ಇರೋದು. ಇಲ್ಲ ಅಂದ್ರೆ ನಿನ್ನ ಶಾಲಿಗೆ ನಾನು ಇನ್ನು ಕೈಮಗ್ಗದ ಚೀಟಿ ಹೊಲಿಯಲ್ಲ. ಬೇಜಾರು ಮಾಡ್ಕೋಬೇಡ. ಅಲ್ಲಿಗೆ ಹಾಕ್ತೀನಿ."

ಅಲ್ಲಿ ಎಂದರೆ ಬಾಗಿಲ ಪಕ್ಕದ ತಂತಿಯ ಬುಟ್ಟಿ. ಯಂತ್ರದ ಶಾಲುಗಳನ್ನು ಅದರಲ್ಲಿ ಒಗೆಯಲು ಬಿದ್ದ ಬಟ್ಟೆಯ ಹಾಗೆ ತುರುಕಿದ್ದರು. ಒಳಗೆ ಬಂದವರೊಬ್ಬರು ಮಾತಾಡುತ್ತ ಮಾತಾಡುತ್ತ ಮೇಲಿನದರ ತುದಿಗೆ ಬೆರಳು ಒರೆಸಿಕೊಂಡು ಹೋದದ್ದನ್ನು ಮಗ್ಗದಕ್ಕ ನೋಡಿದಳು. ತನ್ನ ಐದು ಶಾಲುಗಳನ್ನು ಎತ್ತಿ ಬಟ್ಟೆಯಲ್ಲಿ ಕಟ್ಟಿದಳು. ಹಾಕಿದ ಗಂಟು ಜಾರಿತು, ಮತ್ತೆ ಹಾಕಿದಳು. ನೇಯುವವಳ ಗಂಟು ಜಾರಬಾರದು.

*

ಅವಳ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ ಇತ್ತು ಎನ್ನುವುದಕ್ಕಿಂತ ಮಗ್ಗದ ಸುತ್ತ ಒಂದಿಷ್ಟು ಕೋಣೆ ಇತ್ತು ಎನ್ನುವುದೇ ಸರಿ. ಒಳಗೆ ಹೋಗಬೇಕಾದವರು ಗೋಡೆಗೆ ಬೆನ್ನು ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಗಂಡ ಬಸ್ಸಿನ ಡ್ರೈವರು, ಗಾತ್ರದ ಮನುಷ್ಯ. "ನನ್ನ ಬಸ್ಸಲ್ಲಿ ನಿಂತ್ಕೊಂಡು ಹೋಗೋರೇ ಇದಕ್ಕಿಂತ ಆರಾಮಾಗಿರ್ತಾರೆ" ಎಂದು ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಬೀದಿಯ ಕಡೆಗೆ ಒಂದು ದೊಡ್ಡ ಕಿಟಕಿ ಇತ್ತು. ಬಿಸಿಲಿಗೆ ಉಣ್ಣೆಯ ಬಣ್ಣ ಇಳಿಯುತ್ತದೆಂದು ಅದನ್ನು ಸದಾ ಮುಚ್ಚಿರುತ್ತಿದ್ದರು.

ಒಳಕೋಣೆಯಲ್ಲಿ ಅತ್ತೆಯ ಮಂಚ. ನಡುವಿನ ಬಾಗಿಲನ್ನು ಹಾಕುತ್ತಿರಲಿಲ್ಲ.

ಮಗ್ಗ ಅತ್ತೆಯದು, ವಿದ್ಯೆಯೂ ಅತ್ತೆಯದೇ. ಮದುವೆಯಾಗಿ ಬಂದಾಗ ಸೊಸೆಗೆ ಸೂಜಿಗೆ ದಾರ ಪೋಣಿಸುವುದರ ಆಚೆಗೆ ಏನೂ ಬರುತ್ತಿರಲಿಲ್ಲ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಯಾವುವು, ಅವುಗಳ ನಡುವೆ ಅಡ್ಡ ಹಾಯುವ ಹೊಕ್ಕು ಯಾವುದು ಎಂಬಲ್ಲಿಂದ ಪಾಠ ಶುರುವಾಯಿತು. ಕಾಲುಮಣೆ ಒತ್ತು, ಎಳೆ ಬಾಯಿ ಬಿಡುತ್ತದೆ. ಹಗ್ಗ ಜಗ್ಗು, ನೂಲು ಹೊತ್ತ ಲಾಳಿ ಹಾರುತ್ತದೆ. ಬಾಚಣಿಗೆಯಂಥ ಹಣಿಗೆ ಎಳೆದು ಬಡಿ, ಸಾಲು ಕೂರುತ್ತದೆ. ಇಷ್ಟೇ. ಈ ಇಷ್ಟನ್ನೇ ಅತ್ತೆ ಒಂದು ವರ್ಷ ಹೇಳಿಕೊಟ್ಟಳು. ಬಿಗಿದಾಗ ಒಂದು ಮಾತು, ಸಡಿಲಾದಾಗ ಹತ್ತು ಮಾತು, ಕೊನೆಗೆ ಮಾತ್ರ ಯಾವಾಗಲೂ ಒಂದೇ ಮಾತು: "ಬಿಚ್ಚು." ಮೊದಲ ಶಾಲನ್ನು ಸೊಸೆ ಏಳು ಸಲ ಬಿಚ್ಚಿದ್ದಳು. ಏಳನೆಯ ಸಲ ಅತ್ತುಬಿಟ್ಟಿದ್ದಳು. ಅತ್ತೆ ಟೀ ತಂದು ಪಕ್ಕದಲ್ಲಿಟ್ಟು, "ಅಳ್ತಾ ಅಳ್ತಾನೇ ಬಿಚ್ಚು, ಕಣ್ಣೀರು ಉಣ್ಣೆಗೆ ಒಳ್ಳೇದೇ" ಎಂದಿದ್ದಳು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಲಕ್ವ ಹೊಡೆದು ಬಿದ್ದಳು. ಎದ್ದಾಗ ಬಲಗೈ ಇರಲಿಲ್ಲ, ಬಲಗಾಲು ಅರ್ಧ ಇತ್ತು, ಮಾತು ಪೂರ್ತಿ ಹೋಗಿತ್ತು. ಉಳಿದದ್ದು ಕಿವಿ. ಮತ್ತೆ ಒಂದು ಊರುಗೋಲು. ಹಣಿಗೆಯ ಪೆಟ್ಟು ಸಡಿಲವಾಗಿ ಬಿದ್ದರೆ ಒಳಕೋಣೆಯಿಂದ ಮಂಚದ ಕಾಲಿಗೆ ಊರುಗೋಲು ಬಡಿದ ಸದ್ದು ಬರುತ್ತಿತ್ತು, ಟಕ್. ಕಾಲು ತಪ್ಪಿದರೆ ಎರಡು ಸಲ, ಟಕ್ ಟಕ್. ಸೊಸೆ ತುಟಿ ಕಚ್ಚಿಕೊಂಡು ಆ ಸಾಲು ಬಿಚ್ಚುವಳು. ಅವಳ ಶಾಲಿನ ಅಂಚು ಗೆರೆ ಎಳೆದ ಹಾಗೆ ಬರುತ್ತಿದ್ದುದು ಹೀಗೆ.

ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಅವಳು ಅಂಗಡಿಯ ಸುದ್ದಿ ಹೇಳಿದಳು, ತಗ್ಗಿದ ದನಿಯಲ್ಲಿ.

"ಮೂರು ತಪ್ಪು ತಾನೇ?" ಎಂದ ಅವನು. "ನನ್ನ ಕೇಳಿದ್ರೆ ಪುಕ್ಕಟೆ ಹಾಕಿ ಕೊಡ್ತಿದ್ದೆ. ಮದುವೆ ಆದಾಗಿನಿಂದ ನನ್ನ ತಪ್ಪು ಎಣಿಸ್ತಾ ಇರೋಳು ನೀನೇ ಅಲ್ವಾ."

"ಸುಮ್ಮನಿರ್ರೀ."

"ಅಲ್ಲ ಕಣೇ, ಯೋಚನೆ ಮಾಡು. ನಾಳೆ ನಮ್ಮ ಡಿಪೋ ಸಾಹೇಬ ಬಂದು, ನೀನು ಬಸ್ಸು ತುಂಬಾ ನುಣ್ಣಗೆ ಓಡಿಸ್ತೀಯ, ಜನಕ್ಕೆ ನಂಬಿಕೆ ಬರ್ತಿಲ್ಲ, ದಿನಕ್ಕೆ ಮೂರು ಸಲ ಗೋಡೆಗೆ ಗುದ್ದು ಅಂದ್ರೆ..." ಅವನು ತುತ್ತು ಹಿಡಿದು ಯೋಚಿಸಿದ. "ಗುದ್ತಿದ್ದೆ ಅನ್ಸುತ್ತೆ. ಸಾಹೇಬ ಅಲ್ವಾ."

ಅವಳು ನಗಲಿಲ್ಲ. "ಚೀಟಿ ಹೊಲಿಯಲ್ವಂತೆ. ಆ ಬುಟ್ಟಿಗೆ ಹಾಕ್ತಾರಂತೆ."

"ಹಾಗಾದ್ರೆ ಹಾಕಿಬಿಡು ಮೂರು. ಯಾರು ನೋಡ್ತಾರೆ?"

ಇಬ್ಬರೂ ಒಟ್ಟಿಗೆ ಒಳಕೋಣೆಯ ಕಡೆ ನೋಡಿದರು. ಅಲ್ಲಿ ಸದ್ದಿರಲಿಲ್ಲ. ಆ ಮನೆಯಲ್ಲಿ ಸದ್ದಿಲ್ಲ ಎಂದರೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅರ್ಥ.

*

ತಪ್ಪು ಮಾಡುವುದಕ್ಕೂ ಇಷ್ಟು ಗಮನ ಬೇಕೆಂದು ಮಗ್ಗದಕ್ಕನಿಗೆ ಗೊತ್ತಿರಲಿಲ್ಲ.

ಮಗ್ಗದ ಮೇಲೆ ಕಂದು ಬಣ್ಣದ ಶಾಲು ಅರ್ಧ ಬಂದಿತ್ತು. ಒಂದು ಕಾಲುಮಣೆ ಒತ್ತಿ ಲಾಳಿ ಹಾಯಿಸಿದ ಮೇಲೆ ಇನ್ನೊಂದನ್ನು ಒತ್ತಬೇಕು. ಒತ್ತದೆ ಅದೇ ಹಾದಿಯಲ್ಲಿ ಲಾಳಿಯನ್ನು ವಾಪಸು ಕಳಿಸಿದರೆ ಎರಡು ಎಳೆ ಜೊತೆಯಾಗಿ ಒಂದು ದಪ್ಪ ಗೆರೆ ಬೀಳುತ್ತದೆ. ಆದರೆ ಸುಮ್ಮನೆ ಕಳಿಸಿದರೆ ಮೊದಲ ಎಳೆ ಎರಡನೆಯದರ ಜೊತೆ ಕಳಚಿಕೊಂಡು ಬಂದುಬಿಡುತ್ತದೆ. ಅದನ್ನು ಅಂಚಿನ ಎಳೆಗೆ ಬೆರಳಿನಿಂದ ಸುತ್ತಿಸಿ ನಿಲ್ಲಿಸಬೇಕು. ತಪ್ಪು ನಿಲ್ಲಬೇಕಾದರೂ ಅದನ್ನು ಕಟ್ಟಿಹಾಕಬೇಕು. ಅವಳು ಬಗ್ಗಿ, ಉಸಿರು ಹಿಡಿದು, ಕಟ್ಟಿದಳು. ಲಾಳಿ ಹಾರಿತು. ಕಾಲುಮಣೆಯ ಸದ್ದು ಬರಬೇಕಾದಲ್ಲಿ ಬರಲಿಲ್ಲ.

ಟಕ್ ಟಕ್.

ಅವಳು ಕೇಳಿಸದವಳ ಹಾಗೆ ಹಣಿಗೆ ಎಳೆದಳು. ಸಡಿಲವಾಗಿ ಎಳೆಯಬೇಕಿತ್ತು, ಎಳೆದಳು.

ಟಕ್.

ಮತ್ತೊಂದು ಸಾಲು. ಅದೂ ಸಡಿಲ.

ಟಕ್. ಟಕ್. ಟಕ್. ಊರುಗೋಲು ನಿಲ್ಲಲೇ ಇಲ್ಲ. ಬಾಗಿಲು ಬಡಿಯುವವರ ಹಾಗೆ, ಒಳಗೆ ಯಾರೋ ಸಿಕ್ಕಿಹಾಕಿಕೊಂಡ ಹಾಗೆ ಬಡಿಯಿತು.

"ಅದು ತಪ್ಪಲ್ಲ ಅತ್ತೆ!" ಮಗ್ಗದಕ್ಕ ಕೂತಲ್ಲಿಂದಲೇ ಕೂಗಿದಳು. "ಬೇಕು ಅಂತಾನೇ ಮಾಡ್ತಿರೋದು! ನಿಮ್ಮ ಹಾಗೆ ನೇಯ್ದ್ರೆ ಯಾರಿಗೂ ಬೇಡವಂತೆ! ಕೇಳಿಸ್ತಾ? ಯಾರಿಗೂ ಬೇಡವಂತೆ!"

ಹದಿನೆಂಟು ವರ್ಷದಲ್ಲಿ ಅವಳು ಅತ್ತೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ಊರುಗೋಲು ನಿಂತಿತು.

ಆಮೇಲೆ ಅವಳು ನಾಲ್ಕು ಬೆರಳಿನಷ್ಟು ನೇಯ್ದಳು. ಮತ್ತೊಮ್ಮೆ ಸಡಿಲವಾದದ್ದು ಬೇಕೆಂದಲ್ಲ, ಕೈ ಸೋತು. ಒಳಗಿನಿಂದ ಏನೂ ಬರಲಿಲ್ಲ. ಅವಳು ಕಾದಳು. ಮನೆಯಲ್ಲಿ ಮಾತಾಡದವರು ಇದ್ದರೆ ಅವರ ಮೌನಕ್ಕೂ ಒಂದು ದನಿ ಇರುತ್ತದೆ, ಎರಡು ವರ್ಷದಲ್ಲಿ ಅವಳಿಗೆ ಅದು ಅಭ್ಯಾಸವಾಗಿತ್ತು. ಈಗಿನದು ಬೇರೆ. ಇದು ಒಳಗಿನಿಂದ ಚಿಲಕ ಹಾಕಿಕೊಂಡ ಮೌನ. ರಾತ್ರಿ ಊಟ ಮಾಡಿಸುವಾಗ ಅತ್ತೆ ಬಾಯಿ ತೆರೆದಳು, ನುಂಗಿದಳು. ಮುಖ ಮಾತ್ರ ಗೋಡೆಯ ಕಡೆಗೇ ಇತ್ತು.

*

ಮರುದಿನ ಕಂದು ನೂಲು ಸಾಲದೆಂದು ಮಗ್ಗದಕ್ಕ ಬಣ್ಣ ಹಾಕುವವನ ಹತ್ತಿರ ಹೋಗಬೇಕಾಯಿತು. ಅವನದು ಊರಿನ ಆಚೆ ತುದಿ. ಗಂಡ ಡ್ಯೂಟಿಗೆ ಹೋಗಿದ್ದ. ಅತ್ತೆಯ ಕೈಗೆಟುಕುವ ಹಾಗೆ ನೀರಿಟ್ಟು, ಎದುರು ಮನೆಯ ದರ್ಜಿಗೆ ಹೇಳಿ ಹೊರಟಳು. ಬಣ್ಣದವನು ತೊಟ್ಟಿಯಿಂದ ಕೈ ತೆಗೆಯದೆಯೇ ಅರ್ಧ ಗಂಟೆ ಹರಟಿದ. ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಬಾಗಿಲು ತೆರೆದು, ಗೋಡೆಗೆ ಬೆನ್ನು ಕೊಟ್ಟು ಒಳಗೆ ಸರಿಯುವಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಲಾಳಿ. ಅದು ಎಡಗಡೆ ಇತ್ತು. ಎದ್ದು ಹೋಗುವಾಗ ಅವಳು ಲಾಳಿಯನ್ನು ಯಾವಾಗಲೂ ಬಲಗಡೆಗೆ ನಿಲ್ಲಿಸುವಳು. ಅದು ಅವಳಿಗೆ ಬಾಗಿಲಿಗೆ ಬೀಗ ಹಾಕಿದಷ್ಟೇ ಖಚಿತ.

ಬಗ್ಗಿ ನೋಡಿದಳು. ನಿನ್ನೆ ನೇಯ್ದ ನಾಲ್ಕು ಬೆರಳು ಇರಲಿಲ್ಲ. ಕಷ್ಟಪಟ್ಟು ಕಟ್ಟಿದ್ದ ದಪ್ಪ ಗೆರೆಯೂ ಇರಲಿಲ್ಲ. ಬಿಚ್ಚಿದ ನೂಲು ಸಣ್ಣ ಉಂಡೆಯಾಗಿ ಕೂರುವ ಹಲಗೆಯ ಮೇಲಿತ್ತು. ಅದರ ಜಾಗದಲ್ಲಿ ಹೊಸದಾಗಿ ಆರು ಸಾಲುಗಳು ಬಂದಿದ್ದವು. ಎಂಥ ಸಾಲುಗಳು! ಎಡಗಡೆ ಒತ್ತೊತ್ತಾಗಿ ಕೂತು, ಬಲಗಡೆಗೆ ಹೋಗುತ್ತ ಹೋಗುತ್ತ ಬೆರಳು ಬಿಡಿಸಿದ ಹಾಗೆ ಅಗಲವಾಗಿ, ಸೊಟ್ಟಗೆ ಹರಡಿಕೊಂಡಿದ್ದವು.

ರಕ್ತ ತಲೆಗೇರಿತು. ಯಾರದೋ ಮಕ್ಕಳು ನುಗ್ಗಿರಬೇಕು. ದರ್ಜಿಗೆ ಹೇಳಿ ಹೋಗಿದ್ದರೂ ಹೀಗೆ! ಅವಳು ಅಭ್ಯಾಸದ ಬಲದಿಂದ ಬಿಚ್ಚಲು ಕೂತು, ಕಾಲುಮಣೆಗೆ ಕಾಲು ಚಾಚಿದಳು. ಪಾದಕ್ಕೆ ಏನೋ ಉದ್ದನೆಯದು ತಗಲಿತು. ಬಗ್ಗಿ ಎಳೆದಳು.

ಊರುಗೋಲು.

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಮಂಚದಿಂದ ಮಗ್ಗಕ್ಕೆ ಎಂಟು ಹೆಜ್ಜೆ. ಎರಡು ವರ್ಷದಲ್ಲಿ ಅತ್ತೆ ಆ ಎಂಟು ಹೆಜ್ಜೆಯನ್ನು ಯಾರ ಭುಜವೂ ಇಲ್ಲದೆ ನಡೆದದ್ದಿಲ್ಲ. ಒಂದೇ ಕೈಯಲ್ಲಿ ಹಗ್ಗ ಜಗ್ಗಬೇಕು. ಅದನ್ನು ಬಿಟ್ಟು ಅದೇ ಕೈಯಲ್ಲಿ ಹಣಿಗೆ ಹಿಡಿಯಬೇಕು. ಎಡಗೈ ಎಟುಕುವುದು ಎಡತುದಿಗೆ, ಅಲ್ಲಿಂದ ಎಳೆದರೆ ಪೆಟ್ಟು ಎಡಕ್ಕೆ ಬಿಗಿ, ಬಲಕ್ಕೆ ಸಡಿಲ. ಒಂದೇ ಕಾಲು ಎರಡು ಮಣೆಗೂ ಓಡಾಡಬೇಕು. ಒಂದು ಸಾಲಿಗೆ ಎಷ್ಟು ಹೊತ್ತು ಹಿಡಿದಿರಬಹುದು? ಆರನೆಯ ಸಾಲಿಗೆ ಬಂದಾಗ ಕೈಯಲ್ಲಿ ಇನ್ನೆಷ್ಟು ಉಳಿದಿರಬಹುದು? ಆಮೇಲೆ ಕೋಲನ್ನೂ ಬಗ್ಗಿ ಎತ್ತಲಾಗದೆ, ಗೋಡೆ ಹಿಡಿದು ಹೇಗೆ ಹಿಂತಿರುಗಿದಳೋ.

ಒಳಕೋಣೆಯಲ್ಲಿ ಅತ್ತೆ ಮಲಗಿದ್ದಳು, ಮುಖ ಗೋಡೆಗೆ. ಕತ್ತಿನ ಹಿಂದಿನ ಕೂದಲು ಬೆವರಿಗೆ ಅಂಟಿಕೊಂಡಿತ್ತು. ನಿದ್ದೆ ಬಂದವರ ಉಸಿರಲ್ಲ ಅದು. ಸೊಸೆ ಕೋಲನ್ನು ಸೆರಗಿನಿಂದ ಒರೆಸಿ ಮಂಚದ ಪಕ್ಕ ಅದರ ಜಾಗದಲ್ಲಿ ನಿಲ್ಲಿಸಿದಳು. ಏನಾದರೂ ಹೇಳಬೇಕಿತ್ತು. ಅಂಗೈ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ.

"ಟೀ ಕುಡೀತೀರಾ ಅತ್ತೆ?"

ಸ್ವಲ್ಪ ತಡೆದು, ಎಡಗೈಯ ಎರಡು ಬೆರಳು ಹಾಸಿಗೆಯ ಮೇಲೆ ಎದ್ದು ಕೂತವು. ಕುಡಿಯುತ್ತೇನೆ ಎಂದು.

ಟೀ ಆದ ಮೇಲೆ ಅವಳು ಮಗ್ಗಕ್ಕೆ ಬಂದು ಕೂತಳು. ಆರು ಸಾಲುಗಳನ್ನು ಮುಟ್ಟಲಿಲ್ಲ. ಅವುಗಳ ಮೇಲೆ ಏಳನೆಯದನ್ನು ಹಾಕಿದಳು. ಬಲಗಡೆಯ ಸಡಿಲವನ್ನು ಸರಿದೂಗಿಸಿಕೊಂಡು ಬರಲು ಅವಳಿಗೆ ಇಪ್ಪತ್ತು ಸಾಲು ಹಿಡಿಯಿತು. ಇಪ್ಪತ್ತೊಂದನೆಯದು ನೇರವಾಗಿತ್ತು. ಅಲ್ಲಿಂದ ಕೊನೆಯವರೆಗೂ ಆ ಶಾಲಿನಲ್ಲಿ ಒಂದು ಎಳೆ ಅತ್ತಿತ್ತ ಆಗಲಿಲ್ಲ. ಮೂರು ತಪ್ಪಿನ ಮಾತನ್ನು ಅವಳು ತಲೆಯಿಂದ ಕಿತ್ತೆಸೆದಿದ್ದಳು.

ಊರುಗೋಲು ಮಾತ್ರ ಆ ದಿನಗಳಲ್ಲೆಲ್ಲ ಒಮ್ಮೆಯೂ ಸದ್ದು ಮಾಡಲಿಲ್ಲ.

*

ಗುರುವಾರ ಚಳಿ ಇತ್ತು. ಮಗ್ಗದಕ್ಕ ಹಳೆಯ ಐದು ಶಾಲುಗಳ ಗಂಟನ್ನು ಕಂಕುಳಲ್ಲಿಟ್ಟು, ಹೊಸದನ್ನು ತಾನೇ ಹೊದ್ದು ಹೊರಟಳು. ಬಾಗಿಲಲ್ಲಿ ಗಂಡ ತಡೆದ.

"ಹಾಕಿದ್ದೀಯಾ ಮೂರು?"

"ಇಲ್ಲ."

"ಮತ್ತೆ ಏನು ಹೇಳ್ತೀಯ ಅಲ್ಲಿ?"

"ಹಾಕಿಲ್ಲ ಅಂತ ಹೇಳ್ತೀನಿ."

ಅವನು ಅವಳ ಮುಖ ನೋಡಿ, ಕಾಲರ್ ಸರಿಮಾಡಿಕೊಂಡ. "ಹೋಗ್ಲಿ ಬಿಡು. ಸಾಹೇಬ ಹಾಗಂದ್ರೆ ನಾನೂ ಗುದ್ದಲ್ಲ ಅಂತಾನೇ ಅಂತಿದ್ದೆ. ಆಮೇಲೆ ಯೋಚನೆ ಮಾಡಿದೆ."

ಅಂಗಡಿಯಲ್ಲಿ ದೊಡ್ಡ ಗಿರಾಕಿ ಆಗಲೇ ಬಂದು ಕೂತಿದ್ದಳು. ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ ಹೆಂಗಸು, ಕುತ್ತಿಗೆಗೆ ಅಳತೆಯ ಟೇಪು. ಮೇಜಿನ ತುಂಬ ಗಂಟುಮೈಯ ಶಾಲುಗಳು. ಯಜಮಾನಿ ಕೈಯಾಡಿಸುತ್ತ, ಒಂದೊಂದು ಗಂಟಿಗೂ ಒಂದೊಂದು ಕಥೆ ಹೇಳುತ್ತಿದ್ದಳು. ಮಗ್ಗದಕ್ಕನನ್ನು ಕಂಡು, "ಬಾ ಬಾ. ತಂದ್ಯಾ?" ಎಂದಳು.

ಮಗ್ಗದಕ್ಕ ಗಂಟು ಬಿಚ್ಚಿ ಐದನ್ನೂ ಮೇಜಿನ ಮೇಲಿಟ್ಟಳು.

"ಇವು ಹಳೇವು. ನಾನು ಹೇಳಿದ್ದು?"

"ಅದು ನೇಯ್ದಿಲ್ಲ ಮೇಡಂ. ನನ್ನ ಶಾಲು ಇವೇ. ಚೀಟಿ ಹೊಲಿಯೋದಾದ್ರೆ ಇವಕ್ಕೆ ಹೊಲೀರಿ."

ಯಜಮಾನಿಯ ಮುಖ ಗಂಟಿಕ್ಕಿತು. ಏನೋ ಹೇಳಹೊರಟವಳು ಅರ್ಧಕ್ಕೇ ನಿಂತಳು. ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಅವಳು ಮೇಜು ಸುತ್ತಿಕೊಂಡು ಬಂದು ಮಗ್ಗದಕ್ಕನ ಭುಜದ ಮೇಲಿನ ಕಂದು ಶಾಲನ್ನು ಎರಡು ಕೈಯಲ್ಲಿ ಹಿಡಿದಳು.

"ಅಯ್ಯೋ, ಇದೇ! ಇದೇ ಅಲ್ವಾ ನಾನು ಕೇಳಿದ್ದು! ಇಲ್ಲಿ ನೋಡಿ ಮೇಡಂ," ಎಂದು ಗಿರಾಕಿಯ ಕಡೆಗೆ ಎಳೆದಳು, ಶಾಲಿನ ಜೊತೆ ಶಾಲು ಹೊದ್ದವಳೂ ಎರಡು ಹೆಜ್ಜೆ ಬಂದಳು. "ಸೊಟ್ಟ ಸಾಲು, ಅದೂ ಎಷ್ಟು ಸಹಜವಾಗಿ! ಹೊದ್ದುಕೊಂಡು ಬಂದಿದ್ದೀರಾ ನೀವು, ತಮಾಷೆ ಮಾಡ್ತೀರಾ?"

ಅದುವರೆಗೆ ನೀನು ಎನ್ನುತ್ತಿದ್ದವಳ ಬಾಯಲ್ಲಿ ನೀವು ಬಂದದ್ದನ್ನು ಮಗ್ಗದಕ್ಕ ಗಮನಿಸಿದಳು.

ಗಿರಾಕಿ ಆರು ಸಾಲುಗಳ ಮೇಲೆ ಹೆಬ್ಬೆರಳು ಎಳೆದಳು. "ಇದು ಚೆನ್ನಾಗಿದೆ. ನಿಜವಾಗಿ ಕಾಣ್ಸುತ್ತೆ. ಇಂಥದ್ದು ಎಷ್ಟು ಆಗುತ್ತೆ?"

"ಹತ್ತು ಮಾಡಿಸ್ತೀನಿ" ಎಂದಳು ಯಜಮಾನಿ. "ಮೊದಲು ಇದನ್ನ ತಗೊಳ್ಳಿ."

"ಇದು ಮಾರೋಕಲ್ಲ" ಎಂದಳು ಮಗ್ಗದಕ್ಕ.

"ಅಲ್ಲ ಅಂದ್ರೆ? ಸರಿ, ಇದನ್ನ ಇಟ್ಕೊಳ್ಳಿ. ಇಂಥದ್ದೇ ಹತ್ತು ನೇಯ್ದು ಕೊಡಿ."

"ಇದನ್ನ ನೇಯೋಕೆ ನನಗೆ ಬರಲ್ಲ."

"ಏನಮ್ಮಾ ಇದು! ನಾಲ್ಕು ಎಳೆ ಸಡಿಲ ಬಿಡೋಕೆ ಬರಲ್ವಾ?"

"ಅವರು ಸಡಿಲ ಬಿಟ್ಟಿಲ್ಲ ಮೇಡಂ." ಅಂಗೈ ನೋಡಿಕೊಳ್ಳದೆಯೇ ಮಾತು ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ಇದು ನಮ್ಮತ್ತೆ ನೇಯ್ದಿದ್ದು. ಒಂದು ಕೈ ಇಲ್ಲ ಅವರಿಗೆ. ಇರೋ ಕೈಯಲ್ಲಿ ಎಷ್ಟು ಬಿಗಿ ಆಗುತ್ತೋ ಅಷ್ಟೂ ಬಿಗಿ ಹಾಕಿದ್ದಾರೆ. ನನಗೆ ಎರಡು ಕೈ ಇವೆ. ನಾನು ಹೀಗೆ ನೇಯ್ದ್ರೆ ಅದು ನಾಟಕ."

ಮಗ್ಗದಕ್ಕ ಐದು ಶಾಲುಗಳಲ್ಲಿ ಮೇಲಿನದನ್ನು ಬಿಡಿಸಿ ಗಿರಾಕಿಯ ಮುಂದೆ ಹಾಸಿದಳು.

"ಕೈ ಕೊಡಿ. ಇಲ್ಲಿ, ಅಂಚಿನಲ್ಲಿ ಸಣ್ಣ ತೂತು ಸಿಗ್ತಾ? ನೇಯುವಾಗ ಅಗಲ ಕುಗ್ಗಬಾರದು ಅಂತ ಮುಳ್ಳುಕಡ್ಡಿ ಚುಚ್ಚಿ ಹಿಡೀತೀವಿ. ನಾಲ್ಕು ಬೆರಳಿಗೊಮ್ಮೆ ಕಿತ್ತು ಮುಂದಕ್ಕೆ ಚುಚ್ಚೋದು. ಇಲ್ಲಿ ಲಾಳಿಯ ನೂಲು ಮುಗೀತು, ಹೊಸ ಎಳೆ ಹಳೇದರ ಮೇಲೆ ಎರಡು ಬೆರಳು ಹಾದಿದೆ. ಕಣ್ಣಿಗೆ ಕಾಣಲ್ಲ, ಉಗುರಿಗೆ ಸಿಗುತ್ತೆ. ಇಲ್ಲಿ ಎದ್ದು ಅಡುಗೆ ಮಾಡೋಕೆ ಹೋಗಿದ್ದೆ. ವಾಪಸು ಬಂದು ಹೊಡೆದ ಮೊದಲ ಪೆಟ್ಟು, ಮುಟ್ಟಿ ನೋಡಿ, ಒಂದು ಕೂದಲಿನಷ್ಟು ಬಿಗಿ. ಕೈ ಬೇಕಾ ನಿಮಗೆ? ಉದ್ದಕ್ಕೂ ಕೈಯೇ ಇದೆ. ಹುಡುಕಬೇಕು ಅಷ್ಟೆ."

ಗಿರಾಕಿ ಕಣ್ಣು ಮುಚ್ಚಿ ಆ ಜಾಗವನ್ನು ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. ಆಮೇಲೆ ಕಣ್ಣು ಬಿಟ್ಟು, ಬೇಸರದಿಂದಲೇ ಹೇಳಿದಳು: "ನೀವು ಹೇಳೋದು ನಿಜ. ಆದ್ರೆ ಬಂದವರಿಗೆಲ್ಲ ಬೆರಳು ಹಿಡಿದು ಇದನ್ನ ಯಾರು ತೋರಿಸ್ತಾರೆ?"

"ನಾನು ತೋರಿಸ್ತೀನಿ."

"ಇಲ್ಲಿ ಬಂದು ನಿಲ್ತೀಯಾ?" ಯಜಮಾನಿ ನಕ್ಕಳು. ನೀವು ಹೊರಟುಹೋಗಿತ್ತು. "ನೋಡು, ಕೊನೇ ಮಾತು. ಆ ಕಂದು ಶಾಲು ಕೊಟ್ಟು, ಅಂಥದ್ದು ಹತ್ತು ಒಪ್ಪಿಕೋ. ಇಲ್ಲ, ಈ ಐದು ಬುಟ್ಟಿಗೆ."

ಮಗ್ಗದಕ್ಕ ಶಾಲನ್ನು ಮಡಿಸಿದಳು. ಅಂಚಿಗೆ ಅಂಚು ಕೂಡಿತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ. ಐದನ್ನೂ ಬಟ್ಟೆಯಲ್ಲಿಟ್ಟು ಗಂಟು ಹಾಕಿದಳು. ಈ ಸಲ ಗಂಟು ಜಾರಲಿಲ್ಲ.

"ನಿಮ್ಮ ಬುಟ್ಟಿಯೂ ಬೇಡ, ಚೀಟಿಯೂ ಬೇಡ ಮೇಡಂ" ಎಂದಳು. "ನನ್ನ ಶಾಲು ಕೈಮಗ್ಗದ್ದು ಅಂತ ನಿಮ್ಮ ಸೂಜಿ ಹೇಳಬೇಕಾಗಿಲ್ಲ."

*

ಮನೆಗೆ ಬಂದವಳೇ ಬೀದಿಯ ಕಡೆಯ ಕಿಟಕಿಗೆ ಕೈ ಹಾಕಿದಳು. ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲುಗಳು ಕಿರುಗುಟ್ಟಿ, ಧೂಳು ಉದುರಿಸಿ, ಕೊನೆಗೆ ಒಂದೇ ಏಟಿಗೆ ತೆರೆದುಕೊಂಡವು. ಬಿಸಿಲು ಮಗ್ಗದ ಕಾಲಿನವರೆಗೆ ಬಂದು ಅಲ್ಲಿಗೇ ನಿಂತಿತು. ಎಳೆಗಳ ಮೇಲೆ ಬೀಳುವುದಿಲ್ಲ ಎಂಬುದನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡು, ಅವಳು ಒಂದು ಶಾಲನ್ನು ಮಾತ್ರ ಕಿಟಕಿಯ ಸರಳಿಗೆ ಹಾಕಿದಳು. ಒಂದರ ಬಣ್ಣ ಹೋದರೆ ಹೋಗಲಿ.

ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ಕತ್ತು ಚಾಚಿದ. "ಏನಕ್ಕಾ, ಅಂಗಡಿನೇ ತೆಗೆದ್ರಾ?"

"ಕಿಟಕಿ ತೆಗೆದೆ ಕಣಪ್ಪಾ."

"ಇಷ್ಟು ವರ್ಷ ಬರೀ ದಡಬಡ ಕೇಳ್ತಿತ್ತು. ಈಗ ಗೊತ್ತಾಯ್ತು ನೋಡಿ, ಒಳಗೆ ಗಂಡನ್ನ ಬಡೀತಿದ್ದದ್ದಲ್ಲ ಅಂತ."

"ಅದು ಬೇರೆ ಹೊತ್ತಲ್ಲಿ."

ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ತರಕಾರಿ ಚೀಲ ಹಿಡಿದೇ ನಿಂತಳು. ಸರಳಿನ ಮೇಲಿನ ಶಾಲನ್ನು ಮುಟ್ಟಿ, ತಿರುಗಿಸಿ, ಅಂಚನ್ನು ಕಣ್ಣಿನ ಹತ್ತಿರ ಹಿಡಿದಳು. "ಮಷಿನ್ನಿಂದಾ?"

"ಒಳಗೆ ಬನ್ನಿ" ಎಂದಳು ಮಗ್ಗದಕ್ಕ. "ನೋಡಿ, ಆಮೇಲೆ ನೀವೇ ಹೇಳಿ."

ಆ ಹೆಂಗಸು ಏಡಿಯ ಹಾಗೆ ಅಡ್ಡಡ್ಡ ನಡೆದು ಬಂದು, ಚೀಲವನ್ನು ಕಾಲ ಬಳಿ ಇಟ್ಟು, ಗೋಡೆಗೆ ಒರಗಿ ನಿಂತಳು. ಮಗ್ಗದಕ್ಕ ಹೊದ್ದಿದ್ದ ಕಂದು ಶಾಲನ್ನು ತೆಗೆದಳು. ಒಳಕೋಣೆಗೆ ಹೋಗಿ ಅದನ್ನು ಅತ್ತೆಯ ಮೈಮೇಲೆ ಹೊದಿಸಿ ಬಂದು, ಮಗ್ಗದಲ್ಲಿ ಕೂತಳು. ಮಣೆ, ಹಗ್ಗ, ಲಾಳಿ, ಹಣಿಗೆ. ಮಣೆ, ಹಗ್ಗ, ಲಾಳಿ, ಹಣಿಗೆ. ಅಪರಿಚಿತ ಕಣ್ಣುಗಳು ಕೈಯ ಮೇಲಿದ್ದುದಕ್ಕೋ ಏನೋ, ಎಂಟನೆಯ ಸಾಲಿಗೆ ಪೆಟ್ಟು ಸಡಿಲವಾಗಿ ಬಿತ್ತು.

ಟಕ್.

ಮಗ್ಗದಕ್ಕನ ಕೈ ಗಾಳಿಯಲ್ಲೇ ನಿಂತಿತು.

"ಏನ್ರೀ ಅದು ಸದ್ದು?" ಎಂದಳು ತರಕಾರಿಯ ಹೆಂಗಸು.

"ನಮ್ಮನೆ ಪರೀಕ್ಷೆಯವರು" ಎಂದಳು ಮಗ್ಗದಕ್ಕ. "ಫೇಲ್ ಅಂತೆ." ಲಾಳಿಯನ್ನು ಬಂದ ಹಾದಿಯಲ್ಲೇ ಹಿಂದಕ್ಕೆ ಕಳಿಸಿ ಆ ಸಾಲನ್ನು ಬಿಚ್ಚಿದಳು. ಮತ್ತೆ ಹಾಕಿ, ಮತ್ತೆ ಬಡಿದಳು. ಒಳಗಿನಿಂದ ಆಕ್ಷೇಪಣೆ ಬರಲಿಲ್ಲ. ನೋಡುತ್ತಿದ್ದ ಹೆಂಗಸು ಬಾಯಿ ಸ್ವಲ್ಪ ತೆರೆದುಕೊಂಡೇ ಇದ್ದಳು.

ಆಮೇಲೆ ಮತ್ತೆ ಸದ್ದು ಬಂತು. ಟಕ್. ಟಕ್ ಟಕ್. ಆದರೆ ಈಗ ಮಗ್ಗ ನಿಂತಿತ್ತು. ಮಗ್ಗದಕ್ಕ ಲಾಳಿಗೆ ನೂಲು ಹಾಕುತ್ತಿದ್ದಳು. ಏನಾಯಿತೆಂದು ಎದ್ದು ಹೋಗಿ ನೋಡಿದಳು.

ಅತ್ತೆ ಗೋಡೆಯ ಕಡೆಗಲ್ಲ, ಬಾಗಿಲ ಕಡೆಗೆ ಮುಖ ಮಾಡಿದ್ದಳು. ಕಂದು ಶಾಲಿನ ನಡುವೆ ಹೆಬ್ಬೆರಳು ತನ್ನ ಆರು ಸಾಲುಗಳನ್ನು ಪತ್ತೆಮಾಡಿತ್ತು. ಕಣ್ಣಲ್ಲಿ ಹಳೆಯ ಸಿಟ್ಟು, ಹದಿನೆಂಟು ವರ್ಷದ ಹಿಂದಿನದು. ಅವಳು ಕೋಲನ್ನು ಮಂಚದ ಕಾಲಿಗೆ ಇನ್ನೊಮ್ಮೆ ಬಡಿದು, ಅದನ್ನು ಬಿಟ್ಟು, ಅದೇ ಕೈಯ ಉಗುರಿನಿಂದ ಆರನೆಯ ಸಾಲಿನ ಎಳೆಯನ್ನು ಕೀಳತೊಡಗಿದಳು. ಬಾಯಿಲ್ಲದಿದ್ದರೂ ಆ ಮಾತು ಸ್ಪಷ್ಟವಾಗಿತ್ತು. ಬಿಚ್ಚು.

ಸೊಸೆ ಬಗ್ಗಿ ಆ ಕೈಯನ್ನು ಹಿಡಿದಳು. ಮೆಲ್ಲಗೆ ಹಿಡಿದಳು, ಆದರೆ ಬಿಡಲಿಲ್ಲ.

"ಮುಟ್ಟಬೇಡಿ."

ಅತ್ತೆಯ ಕೈ ಎಳೆಯಿತು. ಬಲ ಇತ್ತು ಅದರಲ್ಲಿ.

"ಗೊತ್ತು ಅತ್ತೆ, ಸೊಟ್ಟ ಇದೆ. ಕುರುಡರಿಗೂ ಕಾಣ್ಸುತ್ತೆ. ನೀವು ಬಿಚ್ಚು ಅಂದಾಗೆಲ್ಲ ಬಿಚ್ಚಿದ್ದೀನಿ. ಇನ್ನೂ ಬಿಚ್ತೀನಿ. ಇದೊಂದನ್ನ ಮಾತ್ರ ಬಿಚ್ಚಲ್ಲ. ಏನು ಮಾಡ್ಕೋತೀರೋ ಮಾಡ್ಕೊಳ್ಳಿ."

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಆಚೆ ಕೋಣೆಯಲ್ಲಿ ತರಕಾರಿ ಚೀಲ ಉರುಳಿ ಏನೋ ನೆಲದ ಮೇಲೆ ಗುಡುಗುಡು ಓಡಿದ ಸದ್ದಾಯಿತು. ಅತ್ತೆ ಕಣ್ಣು ಕದಲಿಸಲಿಲ್ಲ. ಆಮೇಲೆ ಕೈ ಬಿಡಿಸಿಕೊಂಡು, ಪಕ್ಕದಲ್ಲಿ ಬಿದ್ದಿದ್ದ ಕೋಲನ್ನು ಹುಡುಕಿ ಹಿಡಿದು, ಸೊಸೆಯ ಮೊಣಕಾಲಿಗೆ ಒಂದು ಏಟು ಹಾಕಿದಳು. ಗಟ್ಟಿಯಾಗಿಯೇ.

ಶಾಲನ್ನು ಗದ್ದದವರೆಗೆ ಎಳೆದುಕೊಂಡು, ಕೋಲಿನ ತುದಿಯಿಂದ ಮಗ್ಗದ ಕಡೆ ತೋರಿಸಿದಳು. ಹೋಗು, ಕೆಲಸ ನೋಡು.

ಸೊಸೆ ಮೊಣಕಾಲು ಉಜ್ಜಿಕೊಳ್ಳುತ್ತ ಹೋದಳು.